ಡಾಕ್ಟರ್ ಆಗ್ತೀನಿ ಅಂದ ಮಕ್ಕಳು ಪಿಯುಸಿಗೂ ಸೇರಲಿಲ್ಲ, ಯಾಕೆ?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಶಿಕ್ಷಕಿ. ಪ್ರತಿ ವರ್ಷ ಹತ್ತನೇ ತರಗತಿಯ ಮಕ್ಕಳನ್ನು ‘ಮುಂದೆ ಏನಾಗ್ತೀರಿ?’ ಎಂದು ಕೇಳುತ್ತೇನೆ. ಡಾಕ್ಟರ್, ಪೊಲೀಸ್, ಟೀಚರ್, ಡಿಸಿ ಎಂದೆಲ್ಲ ಕೈ ಎತ್ತಿ ಹೇಳುತ್ತಾರೆ. ಆದರೆ ಫಲಿತಾಂಶ ಬಂದ ಮೇಲೆ ಪಾಸಾದವರಲ್ಲೂ ಎಷ್ಟೋ ಜನ ಪಿಯುಸಿ ಸೇರುವುದಿಲ್ಲ. ಹುಡುಗರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಹುಡುಗಿಯರ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ. ಹಾಗಾದರೆ ಈ ಮಕ್ಕಳ ಆಸೆ ಬಾಯಿಮಾತಿನದೇ? ತಂದೆತಾಯಿಗೆ ಓದಿಸುವ ಆಸಕ್ತಿ ಇಲ್ಲವೇ? ಅವರ ಕನಸನ್ನು ನಾನು ಇನ್ನೂ ದೊಡ್ಡದು ಮಾಡಬೇಕೋ ಅಥವಾ ವಾಸ್ತವ ತಿಳಿಸಿ ಇಳಿಸಬೇಕೋ? ಒಬ್ಬ ಶಿಕ್ಷಕಿಯಿಂದ ಏನು ಸಾಧ್ಯ?

ಉತ್ತರ: ಮೇಡಂ, ಮಕ್ಕಳ ಆಸೆ ಬಾಯಿಮಾತಿನದಲ್ಲ. ತಂದೆತಾಯಿಗೆ ಆಸಕ್ತಿ ಇಲ್ಲ ಎಂಬುದೂ ಬಹುಪಾಲು ಮನೆಗಳ ಮಟ್ಟಿಗೆ ನಿಜವಲ್ಲ. ನೀವು ಕೇಳುತ್ತಿರುವ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಅದು ಬಿಟ್ಟುಹೋಗಿದೆ.

‘ಏನಾಗ್ತೀ?’ ಎಂದು ಕೇಳಿದರೆ ಮಗು ತನಗೆ ಇಷ್ಟವಾದದ್ದನ್ನು ಹೇಳುತ್ತದೆ. ‘ನಿಜ ಹೇಳು, ಎಲ್ಲಿವರೆಗೆ ಓದೋಕಾಗ್ತದ ಅನ್ಸುತ್ತೆ?’ ಎಂದು ಕೇಳಿ ನೋಡಿ, ಉತ್ತರ ಬದಲಾಗುತ್ತದೆ. ಹದಿನೈದು ವರ್ಷದ ಮಗುವಿಗೆ ಮನೆಯ ಸಾಲ ಗೊತ್ತಿದೆ. ಅಕ್ಕನನ್ನು ಎಷ್ಟನೇ ಕ್ಲಾಸಿಗೆ ಬಿಡಿಸಿದರು ಎಂಬುದು ಗೊತ್ತಿದೆ. ಕಾಲೇಜು ಎಷ್ಟು ದೂರ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದೂ ಗೊತ್ತಿದೆ. ಇವನ್ನೆಲ್ಲ ಇಟ್ಟುಕೊಂಡು ಅದು ಯಾರಿಗೂ ಹೇಳದೆ ಒಂದು ಲೆಕ್ಕ ಹಾಕಿರುತ್ತದೆ. ಮುಂದಿನ ಜೂನ್‌ನಲ್ಲಿ ಮಗು ಎಲ್ಲಿರುತ್ತದೆ ಎಂಬುದು ಈ ಎರಡನೇ ಉತ್ತರದಲ್ಲಿದೆ. ಶಿಕ್ಷಣದ ಬಗ್ಗೆ ಅಧ್ಯಯನ ಮಾಡುವವರು ಆಸೆಯನ್ನೂ ನಿರೀಕ್ಷೆಯನ್ನೂ ಬೇರೆಬೇರೆಯಾಗಿ ಅಳೆಯುವುದು ಇದೇ ಕಾರಣಕ್ಕೆ. ನಿಮ್ಮ ತರಗತಿಯಲ್ಲಿ ಆಸೆಗೆ ಕೊರತೆ ಇಲ್ಲ. ಕುಸಿದಿರುವುದು ನಿರೀಕ್ಷೆ. ಹಾಗಾಗಿ ಕನಸು ಏರಿಸಬೇಕೋ ಇಳಿಸಬೇಕೋ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕನಸನ್ನು ಮುಟ್ಟಬೇಡಿ. ಆ ಲೆಕ್ಕ ಯಾಕೆ ಹಾಗೆ ಬಂತು ಎಂದು ನೋಡಿ, ಅದರಲ್ಲಿ ನಿಮ್ಮ ಕೈಗೆ ಸಿಗುವುದನ್ನು ಬದಲಿಸಿ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಹೈಸ್ಕೂಲು ಮುಗಿಸಿದ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರಲ್ಲಿ ತೊಡಗಿದ್ದ ವಿಲಿಯಂ ಸ್ಯೂವೆಲ್ ತಮ್ಮ ಸಹೋದ್ಯೋಗಿಗಳ ಜೊತೆ 1969ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ವಿಷಯದ ಬುನಾದಿ. ಮನೆಯ ಆರ್ಥಿಕ ಸ್ಥಿತಿಯಾಗಲಿ ಮಗುವಿನ ಬುದ್ಧಿಶಕ್ತಿಯಾಗಲಿ ನೇರವಾಗಿ ಓದಿನ ಮಟ್ಟವನ್ನು ತೀರ್ಮಾನಿಸುವುದಕ್ಕಿಂತ ಹೆಚ್ಚಾಗಿ, ಮಗುವಿಗೆ ಮುಖ್ಯವಾದ ಜನ ಅದರಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬುದರ ಮೂಲಕ ಕೆಲಸ ಮಾಡುತ್ತವೆ ಎಂದು ಅವರು ತೋರಿಸಿದರು. ಅಪ್ಪ ಅಮ್ಮ, ಶಿಕ್ಷಕರು, ಗೆಳೆಯರು, ಈ ಮೂವರೇ ಆ ಮುಖ್ಯವಾದ ಜನ. ಅಂದರೆ ಮೇಡಂ, ನೀವು ಈ ಲೆಕ್ಕದ ಹೊರಗೆ ನಿಂತು ನೋಡುತ್ತಿಲ್ಲ, ಅದರೊಳಗೇ ಇದ್ದೀರಿ.

ಈಗ ತಂದೆತಾಯಿಯ ವಿಷಯ. ಆಗ ಅವಿಭಜಿತವಾಗಿದ್ದ ನೆರೆಯ ಆಂಧ್ರಪ್ರದೇಶದಲ್ಲಿ 2002ರಿಂದ ‘ಯಂಗ್ ಲೈವ್ಸ್’ ಎಂಬ ಅಧ್ಯಯನ ನಡೆದಿದೆ. ಅದೇ ಮಕ್ಕಳನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ಮತ್ತೆ ಭೇಟಿ ಮಾಡಿದ್ದಾರೆ. ಹವಾಮಾನ, ಬೆಳೆ, ಕೂಲಿ, ಗುಳೆ ಎಲ್ಲದರಲ್ಲೂ ನಿಮ್ಮ ಜಿಲ್ಲೆಯನ್ನು ಹೋಲುವ ಊರುಗಳು ಅದರಲ್ಲಿವೆ. ಬಡ ಮನೆಗಳಲ್ಲೂ ಮಗು ಚಿಕ್ಕದಿದ್ದಾಗ ತಂದೆತಾಯಿ ಇಟ್ಟುಕೊಂಡ ಆಸೆ ಎತ್ತರದ್ದೇ. ಮಗು ದೊಡ್ಡದಾಗುತ್ತಾ ಹೋದಂತೆ ಅದು ಇಳಿಯುತ್ತದೆ, ಹೆಣ್ಣುಮಕ್ಕಳ ವಿಷಯದಲ್ಲಿ ಬೇಗ ಇಳಿಯುತ್ತದೆ. ಅದೇ ಮಾಹಿತಿಯನ್ನು ಬಳಸಿ ಇಬ್ಬರು ಅರ್ಥಶಾಸ್ತ್ರಜ್ಞರು, ಪೀಟರ್ ಸೆರ್ನೀಲ್ಸ್ ಮತ್ತು ಸ್ಟೆಫಾನ್ ಡರ್ಕಾನ್, ಇನ್ನೊಂದು ಸಂಗತಿ ಗುರುತಿಸಿದರು. ಮಗು ಹನ್ನೆರಡರಲ್ಲಿದ್ದಾಗ ತಾಯಿಗೆ ಇದ್ದ ಆಸೆಗೂ ಹತ್ತೊಂಬತ್ತರಲ್ಲಿ ಮಗು ತಲುಪಿದ ತರಗತಿಗೂ ಗಟ್ಟಿ ಸಂಬಂಧ ಇತ್ತು. ಪೋಷಕರ ಸಭೆಗೆ ‘ಅಪ್ಪನನ್ನು ಕರ್ಕೊಂಡು ಬಾ’ ಎಂದೇ ನಾವು ಹೇಳಿ ಕಳಿಸುತ್ತೇವೆ. ಹೆಣ್ಣುಮಗಳ ಓದಿನ ಮಾತಾದರೆ ಅವ್ವನನ್ನು ಕರೆಸಿ. ಅವಳು ಕೂಲಿಯಿಂದ ಬರುವ ಹೊತ್ತಿಗೆ ಸಭೆ ಇಡಿ.

ಆಸೆ ಇದ್ದೂ ಅದು ಇಳಿಯುವುದು ಯಾಕೆ? ಮೊದಲಿಗೆ ಕಣ್ಣಿಗೆ ಕಾಣುವವರು ಯಾರು ಎಂಬುದು. ಅರ್ಥಶಾಸ್ತ್ರಜ್ಞ ದೇಬರಾಜ್ ರೇ ಇದನ್ನು ‘ಆಸೆಯ ಕಿಟಕಿ’ ಎನ್ನುತ್ತಾರೆ. ಮನುಷ್ಯ ತನ್ನಂತೆಯೇ ಇರುವವರನ್ನು, ತನ್ನ ಓಣಿಯವರನ್ನು, ತನ್ನ ಜಾತಿಯವರನ್ನು, ತನ್ನಷ್ಟೇ ಆಸ್ತಿ ಇರುವವರನ್ನು ನೋಡಿ ತನಗೇನು ಸಾಧ್ಯ ಎಂದು ತೀರ್ಮಾನಿಸುತ್ತಾನೆ. ಕಿಟಕಿಯಲ್ಲಿ ಕಾಣುವವರೆಲ್ಲ ತನ್ನಂತೆಯೇ ಇದ್ದರೆ ಆಸೆಗೆ ಜಾಗವಿಲ್ಲ. ಕಾಣುವುದು ತೀರಾ ದೂರದಲ್ಲಿದ್ದರೆ ಅದು ಪ್ರಯತ್ನವನ್ನೇ ಕೊಲ್ಲುತ್ತದೆ, ಯಾಕೆಂದರೆ ಎಷ್ಟು ಓದಿದರೂ ಆ ಅಂತರ ಮುಗಿಯುವಂತೆ ಕಾಣುವುದಿಲ್ಲ. ನಮ್ಮ ಶಾಲೆಗಳು ಎಡವುವುದು ಇಲ್ಲೇ. ವಾರ್ಷಿಕೋತ್ಸವಕ್ಕೆ ಐಎಎಸ್ ಅಧಿಕಾರಿಯನ್ನು ಕರೆಸಿ ಭಾಷಣ ಮಾಡಿಸುತ್ತೇವೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಭಾಷಣ ಚೆನ್ನಾಗಿದ್ದರೂ ಹತ್ತನೇ ಕ್ಲಾಸಿನಿಂದ ಆ ವೇದಿಕೆಯವರೆಗಿನ ಹದಿನೈದು ವರ್ಷದ ದಾರಿ ಅವರಿಗೆ ಕಂಡಿರುವುದಿಲ್ಲ. ಬ್ರಿಟನ್ನಿನ ಜೋಸೆಫ್ ರೌನ್‌ಟ್ರೀ ಫೌಂಡೇಶನ್ 2012ರಲ್ಲಿ ಆ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಪರಿಶೀಲಿಸಿದಾಗ, ಆಸೆಯನ್ನು ಏರಿಸುವ ಕಾರ್ಯಕ್ರಮಗಳಿಂದಲೇ ಬಡ ಮಕ್ಕಳ ಕಲಿಕೆ ಸುಧಾರಿಸಿತು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ತಂದೆತಾಯಿಯನ್ನು ಓದಿನ ಜೊತೆ ಸೇರಿಸಿಕೊಂಡ ಕಡೆ ಪುರಾವೆ ಹೆಚ್ಚು ಗಟ್ಟಿಯಾಗಿತ್ತು.

ಕಿಟಕಿ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯದು. ಅಲ್ಲಿ 1998ರಿಂದ ಗ್ರಾಮ ಪಂಚಾಯಿತಿಯ ಮೂರನೇ ಒಂದರಷ್ಟು ಅಧ್ಯಕ್ಷ ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾದವು. ಯಾವ ಪಂಚಾಯಿತಿಗೆ ಮೀಸಲು ಬರುತ್ತದೆ ಎಂಬುದು ಯಾರ ಇಷ್ಟದ ಪ್ರಕಾರವೂ ಅಲ್ಲ, ಸರದಿಯ ಪ್ರಕಾರ. ಹಾಗಾಗಿ ಹೋಲಿಕೆ ನ್ಯಾಯವಾಗಿ ಮಾಡಬಹುದು. ಲೋರಿ ಬೀಮನ್, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೋವಾ 495 ಹಳ್ಳಿಗಳಲ್ಲಿ ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಮಾತಾಡಿಸಿದರು. ಮೀಸಲು ಬಾರದ ಊರುಗಳಲ್ಲಿ ಮಗನ ಬಗ್ಗೆ ಇರುವ ಆಸೆಗಿಂತ ಮಗಳ ಬಗ್ಗೆ ಇರುವ ಆಸೆ ಬಹಳ ಕೆಳಗಿತ್ತು. ಎರಡು ಅವಧಿ ಹೆಣ್ಣುಮಗಳೇ ಅಧ್ಯಕ್ಷೆಯಾಗಿದ್ದ ಊರುಗಳಲ್ಲಿ ಆ ಅಂತರ ತಂದೆತಾಯಿಯಲ್ಲಿ ಶೇ 25ರಷ್ಟು, ಮಕ್ಕಳಲ್ಲಿ ಶೇ 32ರಷ್ಟು ಕಡಿಮೆಯಾಗಿತ್ತು. ಓದಿದ ತರಗತಿಯಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಇಲ್ಲವೇ ಆಗಿತ್ತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಕಡಿಮೆಯಾಗಿತ್ತು.

ಗಮನಿಸಿ: ಆ ಅಧ್ಯಕ್ಷೆಯರು ಹೊಸ ಶಾಲೆ ಕಟ್ಟಿಸಿದ್ದರಿಂದ ಇದು ಆದದ್ದಲ್ಲ. ಸೌಲಭ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಪಂಚಾಯಿತಿ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕುಳಿತದ್ದನ್ನು ಊರು ವರ್ಷಗಟ್ಟಲೆ ನೋಡಿತು, ಅಷ್ಟೇ. ಒಂದೇ ಅವಧಿಯ ಪರಿಣಾಮ ಸಣ್ಣದು. ಎರಡನೇ ಅವಧಿ ಬೇಕಾಯಿತು. ಕರ್ನಾಟಕ ಈ ಕೆಲಸವನ್ನು ಬಹಳ ಮೊದಲೇ ಶುರು ಮಾಡಿತ್ತು, 1983ರ ಪಂಚಾಯಿತಿ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25ರ ಮೀಸಲಾತಿ ಇತ್ತು. ಈಗ ಶೇ 50. ನಿಮ್ಮ ಶಾಲೆಯ ಸುತ್ತಲಿನ ಪಂಚಾಯಿತಿಗಳಲ್ಲಿ ಎಷ್ಟು ಸದಸ್ಯೆಯರಿದ್ದಾರೆ, ಅವರಲ್ಲಿ ಎಷ್ಟು ಜನ ಶಾಲೆಗೆ ಬಂದು ಮಕ್ಕಳ ಎದುರು ಮಾತಾಡಿದ್ದಾರೆ?

ಹಾಗಾಗಿ ಕರೆಸುವುದಾದರೆ ಹತ್ತಿರದವರನ್ನು ಕರೆಸಿ. ನಿಮ್ಮದೇ ಶಾಲೆಯಲ್ಲಿ ನಾಲ್ಕೈದು ವರ್ಷದ ಹಿಂದೆ ಓದಿ, ಈಗ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿರುವ ಹುಡುಗಿ. ಪಾಲಿಟೆಕ್ನಿಕ್ ಮುಗಿಸಿದ ಹುಡುಗ. ಪೊಲೀಸ್ ಕಾನ್‌ಸ್ಟೆಬಲ್ ಆದವನು. ಅವರಿಗೆ ಸ್ಫೂರ್ತಿಯ ಮಾತು ಬೇಡ ಎಂದು ಮೊದಲೇ ಹೇಳಿ. ಪಿಯುಸಿಗೆ ಎಲ್ಲಿ ಸೇರಿದೆ, ಮೊದಲ ದಿನ ಎಷ್ಟು ದುಡ್ಡು ಬೇಕಾಯಿತು, ಅದನ್ನು ಯಾರ ಹತ್ತಿರ ಕೇಳಿದೆ, ಹಾಸ್ಟೆಲ್ ಸಿಗುವವರೆಗೆ ಎಲ್ಲಿದ್ದೆ, ಇಂಗ್ಲಿಷಿನಲ್ಲಿ ಪಾಠ ಶುರುವಾದಾಗ ಏನು ಮಾಡಿದೆ, ಮನೆಯಲ್ಲಿ ಬೇಡ ಅಂದಾಗ ಯಾರು ಮಾತಾಡಿ ಒಪ್ಪಿಸಿದರು. ಇಷ್ಟನ್ನು ಹೇಳಲಿ. ಈ ಒಂದು ಗಂಟೆ ಇಡೀ ವರ್ಷದ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು, ಓದಿದರೆ ಏನು ಸಿಗುತ್ತದೆ ಎಂಬುದರ ತಿಳುವಳಿಕೆ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಎಂಟನೇ ತರಗತಿಯ ಹುಡುಗರನ್ನು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ವಿಚಾರಿಸಿದಾಗ, ಹೈಸ್ಕೂಲು ಮುಗಿಸಿದವರ ದುಡಿಮೆ ನಿಜಕ್ಕೂ ಎಷ್ಟು ಹೆಚ್ಚು ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಹಳ ಕಡಿಮೆ ಎಂದುಕೊಂಡಿದ್ದರು. ನಿಜವಾದ ಅಂಕಿ ತಿಳಿಸಿದ ಶಾಲೆಗಳ ಹುಡುಗರು ಮುಂದಿನ ನಾಲ್ಕು ವರ್ಷಗಳಲ್ಲಿ ಸರಾಸರಿ 0.20ರಿಂದ 0.35 ವರ್ಷ ಹೆಚ್ಚು ಓದಿದರು. ಖರ್ಚೇ ಇಲ್ಲದ ಕೆಲಸಕ್ಕೆ ಇದು ದೊಡ್ಡ ಫಲ. ಆದರೆ ಕಡುಬಡವರ ಮನೆಯ ಹುಡುಗರಲ್ಲಿ ಹೆಚ್ಚಿನ ಬದಲಾವಣೆ ಆಗಲಿಲ್ಲ. ವಿಷಯ ತಿಳಿದರೂ ಕೈಯಲ್ಲಿ ದುಡ್ಡಿರಲಿಲ್ಲ. ಇದನ್ನು ಮರೆತು ‘ಮಾಹಿತಿ ಕೊಟ್ಟರೆ ಸಾಕು’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅದೇ ಜೆನ್ಸನ್ ಉತ್ತರ ಭಾರತದಲ್ಲೂ ಒಂದು ಪ್ರಯೋಗ ಮಾಡಿದರು. ದೆಹಲಿಯ ಸುತ್ತಲಿನ ರಾಜ್ಯಗಳ ಕೆಲವು ಹಳ್ಳಿಗಳಿಗೆ ಮೂರು ವರ್ಷಗಳ ಕಾಲ ಬಿಪಿಒ (ಕಾಲ್ ಸೆಂಟರ್‌ನಂಥ) ಕಂಪನಿಗಳಿಗೆ ಹುಡುಗಿಯರನ್ನು ಆರಿಸುವವರನ್ನು ಕಳಿಸಲಾಯಿತು. ಅಂಥ ಹಳ್ಳಿಗಳಲ್ಲಿ ಹದಿನೈದರಿಂದ ಇಪ್ಪತ್ತೊಂದು ವರ್ಷದ ಹೆಣ್ಣುಮಕ್ಕಳ ಮದುವೆ ಮುಂದಕ್ಕೆ ಹೋಯಿತು, ಓದಿಗೆ ಅಥವಾ ತರಬೇತಿಗೆ ಸೇರಿದವರು ಹೆಚ್ಚಿದರು. ಮದುವೆ ಬೇಡ ಎಂದು ಯಾರೂ ಉಪದೇಶ ಮಾಡಿರಲಿಲ್ಲ. ಓದಿದ ಮಗಳಿಗೆ ಕೆಲಸ ಇದೆ ಎಂಬುದು ಮನೆ ಬಾಗಿಲಿಗೆ ಬಂದಿತ್ತು.

ನಿಮ್ಮ ಜಿಲ್ಲೆಯ ಹುಡುಗಿಯರ ಲೆಕ್ಕದಲ್ಲಿ ಇನ್ನೂ ಕೆಲವು ಸಂಗತಿಗಳಿವೆ, ಅವು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹಾಜರಿ ಪುಸ್ತಕ ತೆಗೆದು ನೋಡಿ, ಖಾಲಿ ಬಿದ್ದಿರುವುದು ಹುಡುಗಿಯರ ಸಾಲೇ. ಮೆಣಸಿನಕಾಯಿ ಬಂದಾಗಲೂ ಅದೇ ಕಥೆ. ಹಾಗೆ ವಾರಗಟ್ಟಲೆ ತಪ್ಪಿದ ಮಗು ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನದಲ್ಲಿ ಬೀಳುತ್ತದೆ, ‘ನಂಗ ತಲಿ ಇಲ್ರಿ ಮೇಡಂ’ ಎಂದು ನಂಬುತ್ತದೆ. ತಲೆ ಇಲ್ಲ ಎಂದಲ್ಲ, ಪಾಠವೇ ಆಗಿಲ್ಲ. ಇದನ್ನು ಆ ಮಗುವಿಗೆ ಬಿಡಿಸಿ ಹೇಳುವವರು ನೀವೊಬ್ಬರೇ. ತಪ್ಪಿದ ಎರಡು ಅಧ್ಯಾಯಗಳನ್ನು ಸಂಜೆ ಕೂರಿಸಿ ಹೇಳಿಕೊಟ್ಟು, ಅದರದ್ದೇ ಒಂದು ಸಣ್ಣ ಪರೀಕ್ಷೆ ಕೊಟ್ಟು, ಉತ್ತರ ಪತ್ರಿಕೆ ಕೈಗಿಡಿ. ತನ್ನ ಶಕ್ತಿಯ ಬಗ್ಗೆ ಮಗುವಿನ ಅಂದಾಜು ಬದಲಾಗುವುದು ಹೊಗಳಿಕೆಯಿಂದಲ್ಲ, ಇಂಥ ಕಾಗದದಿಂದ.

ಮದುವೆಯ ಲೆಕ್ಕ ಬೇರೆ. ಹೆಚ್ಚು ಓದಿಸಿದರೆ ಹೆಚ್ಚು ಓದಿದ ವರ ಬೇಕು, ಅವನಿಗೆ ಹೆಚ್ಚು ಕೊಡಬೇಕು ಎಂಬ ಭಯ ಒಂದು. ತಾಲೂಕಿಗೆ ಬಸ್ಸಿನಲ್ಲಿ ಹೋಗಿ ಬರುವ ಮಗಳ ಬಗ್ಗೆ ಊರಿನವರು ಏನೆನ್ನುತ್ತಾರೋ ಎಂಬುದು ಇನ್ನೊಂದು. ಎರಡನೆಯದಕ್ಕೆ ದೂರವೇ ಮೂಲ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು, ಹುಡುಗರೊಂದಿಗಿನ ಅಂತರ ಶೇ 40ರಷ್ಟು ತಗ್ಗಿತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದ್ದಾರೆ. ಅಲ್ಲಿ ಹುಡುಗಿಯರ ದಂಡು ಒಟ್ಟಿಗೆ ಸೈಕಲ್ ತುಳಿಯಿತು ಎಂಬುದೂ ಮುಖ್ಯ. ಒಬ್ಬಳೇ ಹೋಗುವುದನ್ನು ಒಪ್ಪದ ಅಪ್ಪ ಐವರು ಜೊತೆಗೆ ಹೋದರೆ ಒಪ್ಪುತ್ತಾನೆ. ನಮ್ಮಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ ಹೆಣ್ಣುಮಕ್ಕಳಿಗೆ ಉಚಿತ. ಹಾಗಾಗಿ ಈಗ ಅಡ್ಡಿ ದುಡ್ಡಿನದಲ್ಲ. ಬಸ್ಸು ಇದೆಯೇ, ಎಷ್ಟು ಹೊತ್ತಿಗೆ, ಜೊತೆಗೆ ಯಾರು ಎಂಬುದು. ನಿಮ್ಮ ಊರಿನಿಂದ ಒಂದೇ ಕಾಲೇಜಿಗೆ ಹೋಗುವ ಹುಡುಗಿಯರನ್ನು ಏಪ್ರಿಲ್‌ನಲ್ಲೇ ಒಟ್ಟು ಸೇರಿಸಿ, ಅವರ ಅವ್ವಂದಿರನ್ನೂ ಒಂದೆಡೆ ಕೂರಿಸಿ ಮಾತಾಡಿ. ಹದಿನೆಂಟು ತುಂಬದ ಹುಡುಗಿಯ ಮದುವೆ ಗೊತ್ತಾಗುತ್ತಿದೆ ಎಂದು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂದೆಮುಂದೆ ನೋಡಬೇಡಿ. ಅದು ಕಾನೂನಿನ ವಿಷಯ, ಸಂಕೋಚದ್ದಲ್ಲ.

ಈಗ ದುಡ್ಡಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಮಕ್ಕಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ, ಮತ್ತು ನಿಮ್ಮಿಂದ ಹೆಚ್ಚು ಸಾಧ್ಯವಿರುವುದೂ ಇಲ್ಲೇ.

ಪಿಯುಸಿ ದಾಖಲಾತಿ ನಡೆಯುವುದು ಮೇ, ಜೂನ್‌ನಲ್ಲಿ. ಮುಂಗಾರು ಬಿತ್ತನೆಯೂ ಆಗಲೇ. ಒಣಬೇಸಾಯದ ಮನೆಯಲ್ಲಿ ವರ್ಷದಲ್ಲೇ ಕೈ ಅತ್ಯಂತ ಬರಿದಾಗಿರುವ ತಿಂಗಳು ಅದು. ಇದ್ದಬದ್ದದ್ದೆಲ್ಲ ಬೀಜ ಗೊಬ್ಬರಕ್ಕೆ ಹೋಗಿರುತ್ತದೆ, ಅದೂ ಸಾಲದ್ದು. ಕಾಲೇಜಿನ ಶುಲ್ಕ, ಪುಸ್ತಕ, ಬಟ್ಟೆ ಎಂದು ಕೆಲವು ಸಾವಿರ ಬೇಕಾಗುವುದು ಆ ವಾರವೇ. ಸ್ಕಾಲರ್‌ಶಿಪ್ ಖಂಡಿತ ಬರುತ್ತದೆ, ಆದರೆ ಬರುವುದು ತಿಂಗಳುಗಳ ನಂತರ. ಕೊಲಂಬಿಯಾದ ಬೊಗೋಟಾ ನಗರದಲ್ಲಿ 2005ರಲ್ಲಿ ಇದನ್ನೇ ಪರೀಕ್ಷಿಸಿದರು. ಬಡ ಮಕ್ಕಳಿಗೆ ಕೊಡುವ ಸಹಾಯಧನವನ್ನು ಒಂದು ಗುಂಪಿಗೆ ಪೂರ್ತಿಯಾಗಿ ಹಂತಹಂತವಾಗಿ ಕೊಟ್ಟರು. ಇನ್ನೊಂದು ಗುಂಪಿಗೆ ಅದರ ಮೂರನೇ ಒಂದು ಭಾಗವನ್ನು ಹಿಡಿದಿಟ್ಟು, ಮುಂದಿನ ತರಗತಿಗೆ ಸೇರುವ ಹೊತ್ತಿಗೆ ಒಟ್ಟಿಗೆ ಕೊಟ್ಟರು. ಮೊತ್ತ ಒಂದೇ, ಆದರೆ ಎರಡನೇ ಗುಂಪಿನಲ್ಲಿ ಮುಂದಿನ ವರ್ಷಕ್ಕೆ ಮರಳಿ ಸೇರಿದವರು ಹೆಚ್ಚು.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಪಿಯುಸಿಗೂ ಮುಂದುವರಿಯುವ ಈ ಹಣ ಕೈಯಲ್ಲಿರುವ ಮಗುವನ್ನು ಮನೆಯವರು ಬಿಡಿಸಲು ಹಿಂಜರಿಯುತ್ತಾರೆ. ಆದ್ದರಿಂದ ಹತ್ತನೇ ತರಗತಿಯ ಬಗ್ಗೆ ಚಿಂತೆ ಇರುವ ನೀವು ಎಂಟನೇ ತರಗತಿಯಲ್ಲಿ ಕೆಲಸ ಶುರು ಮಾಡಬೇಕು. ಆ ಪರೀಕ್ಷೆಯ ಗಣಿತದ ಭಾಗ ನಿಮ್ಮ ಕೈಯಲ್ಲೇ ಇದೆ. ಹಿಂದುಳಿದ ವರ್ಗದ ಮಕ್ಕಳಿಗೆ ಮೆಟ್ರಿಕ್ ನಂತರದ ಹಾಸ್ಟೆಲ್‌ನಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಯೋಜನೆ ಇದೆ, ಊಟ ವಸತಿಗೆ ತಿಂಗಳ ಲೆಕ್ಕದಲ್ಲಿ ಹಣ ಬರುತ್ತದೆ.

ಯೋಜನೆಗಳ ಹೆಸರು ಹೇಳಿದರೆ ಸಾಲದು. ಅಮೆರಿಕದ ಎರಡು ರಾಜ್ಯಗಳಲ್ಲಿ ತೆರಿಗೆ ಅರ್ಜಿ ತುಂಬಿಸಲು ಬಂದ ಕಡಿಮೆ ಆದಾಯದ ಕುಟುಂಬಗಳ ಮೇಲೆ ನಡೆದ ಪ್ರಯೋಗವೊಂದು ಈ ವಿಷಯದಲ್ಲಿ ಕಣ್ಣು ತೆರೆಸುತ್ತದೆ. ಒಂದು ಗುಂಪಿಗೆ ಕಾಲೇಜಿನ ಸಹಾಯಧನದ ಮಾಹಿತಿ ಮಾತ್ರ ಕೊಟ್ಟರು. ಇನ್ನೊಂದು ಗುಂಪಿನ ಅರ್ಜಿಯನ್ನು ಅಲ್ಲೇ ಕೂತು ತುಂಬಿಸಿಕೊಟ್ಟರು. ಅರ್ಜಿ ತುಂಬಿಸಿಕೊಂಡ ಗುಂಪಿನಲ್ಲಿ ಎರಡು ವರ್ಷ ಕಾಲೇಜು ಓದಿದ ಮಕ್ಕಳ ಪ್ರಮಾಣ ಶೇ 28ರಿಂದ 36ಕ್ಕೆ ಏರಿತು. ಮಾಹಿತಿ ಮಾತ್ರ ಪಡೆದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ನಿಲ್ಲುವುದು ಎಲ್ಲಿ ಎಂದು ನಿಮಗೆ ಗೊತ್ತು: ಆಧಾರ್‌ನಲ್ಲಿ ‘ಮಲ್ಲಮ್ಮ’, ಶಾಲೆಯ ದಾಖಲೆಯಲ್ಲಿ ‘ಮಲ್ಲವ್ವ’. ಬ್ಯಾಂಕ್ ಖಾತೆ ಇದೆ, ಆದರೆ ಆಧಾರ್ ಜೋಡಣೆ ಆಗಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪತ್ರದ ಮೇಲಿನ ಗುರುತು ಸಂಖ್ಯೆ) ಇಲ್ಲ, ಆದಾಯ ಪತ್ರದ ಅವಧಿ ಮುಗಿದಿದೆ. ಒಂದೊಂದಕ್ಕೂ ನಾಡಕಚೇರಿಗೋ ಬ್ಯಾಂಕಿಗೋ ಹೋಗಬೇಕು, ಒಂದೊಂದು ಸಲ ಹೋದರೂ ಅಪ್ಪನ ಒಂದು ದಿನದ ಕೂಲಿ ಹೋಯಿತು. ಎರಡು ಸಲ ತಿರುಗಿದ ಮೇಲೆ ‘ಓದು ನಮ್ಮಂಥೋರಿಗಲ್ಲ’ ಎಂಬ ಮಾತು ಬರುತ್ತದೆ. ಅದನ್ನು ಕೇಳಿ ನಾವು ನಿರಾಸಕ್ತಿ ಎಂದುಕೊಳ್ಳುತ್ತೇವೆ. ಹತ್ತನೇ ತರಗತಿಯ ಪ್ರತಿ ಮಗುವಿನ ಹೆಸರಿನ ಮುಂದೆ ಈ ನಾಲ್ಕು ದಾಖಲೆಗಳ ಸ್ಥಿತಿ ಬರೆದ ಒಂದು ಹಾಳೆ ದಸರೆಯ ಹೊತ್ತಿಗೆ ನಿಮ್ಮ ಬಳಿ ಇದ್ದರೆ, ಮೇ ತಿಂಗಳ ಅರ್ಧ ಯುದ್ಧ ಮುಗಿದಂತೆ.

ಇದೇ ಹಾಳೆಯಲ್ಲಿ ಇನ್ನೊಂದು ಕಾಲಂ ಹಾಕಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರದ್ದೇ ಮೀಸಲಾತಿ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ. ನಿಮ್ಮ ತರಗತಿಯ ಬಹುಪಾಲು ಮಕ್ಕಳು ಈ ಮೂರಕ್ಕೂ ಅರ್ಹತೆ ಪಡೆದುಬಿಟ್ಟಿದ್ದಾರೆ, ಅದು ಅವರ ಮನೆಯವರಿಗೆ ಗೊತ್ತಿಲ್ಲ ಅಷ್ಟೇ. ಸೀಟು ದುಡ್ಡಿದ್ದವರಿಗೆ ಎಂದು ನಂಬಿರುವ ಅಪ್ಪನಿಗೆ ಈ ವಿಷಯವನ್ನು ಎದುರು ಕೂತು ಹೇಳಿ. ದಾರಿಗಳನ್ನೂ ಹಾಗೇ ಬಿಡಿಸಿ ತೋರಿಸಿ: ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಬೇಕೇ ಬೇಕು, ಪಿಎಸ್‌ಐ ಆಗಲು ಪದವಿ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಪೊಲೀಸ್ ಆಗ್ತೀನಿ ಎಂದು ಕೈ ಎತ್ತಿದ ಹುಡುಗನಿಗೆ ಹತ್ತಕ್ಕೇ ಬಿಟ್ಟರೆ ಸಿವಿಲ್ ಪೊಲೀಸಿನ ಬಾಗಿಲು ಮುಚ್ಚುತ್ತದೆ ಎಂದು ಯಾರಾದರೂ ಹೇಳಿದ್ದಾರೆಯೇ?

ವಿಜ್ಞಾನ ತೆಗೆದುಕೊಳ್ಳುವ ಮಕ್ಕಳಿಗೆ ಇಂಗ್ಲಿಷ್ ದೊಡ್ಡ ಹೊಡೆತ. ಹತ್ತರಲ್ಲಿ ಕನ್ನಡದಲ್ಲಿ ತೊಂಬತ್ತು ತೆಗೆದವಳು ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗಿ, ಡಾಕ್ಟರ್ ಆಗುವ ಯೋಚನೆಯನ್ನೇ ಬಿಡುತ್ತಾಳೆ. ಗಣಿತದಲ್ಲಾದರೂ ನೀವು ಈಗಿನಿಂದಲೇ ಪ್ರತಿ ಪಾಠದ ಪದಗಳನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆಯಿರಿ. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬಳ ಹಳೆಯ ಪಿಯುಸಿ ಪುಸ್ತಕ ಕೊಡಿಸಿ, ಮೊದಲ ಎರಡು ಅಧ್ಯಾಯ ಓದಿಸಿ.

ನಿಮ್ಮ ಬಗ್ಗೆಯೂ, ನಮ್ಮೆಲ್ಲ ಶಿಕ್ಷಕರ ಬಗ್ಗೆಯೂ ಒಂದು ಮಾತು. 1968ರಲ್ಲಿ ರಾಬರ್ಟ್ ರೊಸೆಂಥಾಲ್ ಮತ್ತು ಲಿನೋರ್ ಜೇಕಬ್‌ಸನ್ ಶಿಕ್ಷಕರ ನಿರೀಕ್ಷೆಯೇ ಮಗುವಿನ ಕಲಿಕೆಯನ್ನು ಬದಲಿಸುತ್ತದೆ ಎಂದು ಹೇಳಿದ್ದು ಬಿ.ಎಡ್ ಓದಿದ ಎಲ್ಲರಿಗೂ ಗೊತ್ತು. ನಂತರದ ಅಧ್ಯಯನಗಳು ಆ ಪರಿಣಾಮ ಸಾಮಾನ್ಯವಾಗಿ ಸಣ್ಣದು ಎಂದವು. ಆದರೆ ಸಮಾಜ ಮೊದಲೇ ಕೀಳಾಗಿ ಕಂಡ ಗುಂಪುಗಳ ಮಕ್ಕಳ ಮೇಲೆ ಅದು ಹೆಚ್ಚು ಬೀಳುತ್ತದೆ ಎಂದೂ ಹೇಳಿದವು. ಉತ್ತರಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟು ಕೊಟ್ಟರು. ಜಾತಿ ಹೇಳದಿದ್ದಾಗ ಮೇಲ್ಜಾತಿಯ ಮತ್ತು ದಲಿತ ಹುಡುಗರ ನಡುವೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಎಲ್ಲರ ಎದುರು ಹೆಸರು, ಊರು, ಜಾತಿ ಓದಿ ಹೇಳಿದ ಗುಂಪುಗಳಲ್ಲಿ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು. ಮಕ್ಕಳೂ ಅಂಥವರೇ, ಒಗಟೂ ಅಂಥದ್ದೇ. ‘ಎಸ್‌ಸಿ ಸ್ಕಾಲರ್‌ಶಿಪ್‌ನೋರು ಎದ್ದು ನಿಲ್ರಿ’ ಎಂಬ ಮಾತು ನಮ್ಮ ಎಷ್ಟು ತರಗತಿಗಳಲ್ಲಿ ದಿನನಿತ್ಯ ಕೇಳುತ್ತದೆ! ದಯವಿಟ್ಟು ಅದನ್ನು ನಿಮ್ಮ ಶಾಲೆಯಲ್ಲಿ ನಿಲ್ಲಿಸಿ. ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆದು ಅರ್ಜಿ ತುಂಬಿಸಿ.

ಶುರು ಮಾಡುವುದು ಹೀಗೆ. ಜುಲೈನಲ್ಲಿ ಒಂದು ದಿನ ಮಕ್ಕಳಿಗೆ ಒಂದೊಂದು ಚೀಟಿ ಕೊಡಿ. ‘ಯಾವ ಅಡ್ಡಿಯೂ ಇಲ್ಲದಿದ್ದರೆ ಎಲ್ಲಿವರೆಗೆ ಓದ್ತೀ? ನಿಜವಾಗಿ ಎಲ್ಲಿವರೆಗೆ ಓದ್ತೀ ಅನ್ಸುತ್ತೆ? ಎರಡೂ ಬೇರೆ ಆಗಿದ್ದರೆ, ನಡುವೆ ಏನಿದೆ?’ ಇಷ್ಟೇ. ಯಾರದ್ದನ್ನೂ ಓದಿ ಹೇಳುವುದಿಲ್ಲ ಎಂದು ಮಾತು ಕೊಡಿ, ಅದನ್ನು ಉಳಿಸಿಕೊಳ್ಳಿ. ಮೂರನೇ ಪ್ರಶ್ನೆಯ ಉತ್ತರಗಳೇ ನಿಮ್ಮ ವರ್ಷದ ಕೆಲಸದ ಪಟ್ಟಿ. ‘ಬಸ್ಸಿಲ್ಲ’ ಎಂದವರಿಗೂ ‘ಅಪ್ಪ ಬೇಡ ಅಂತಾನ’ ಎಂದವರಿಗೂ ‘ನಂಗ ಬರಲ್ಲ’ ಎಂದವರಿಗೂ ಬೇರೆಬೇರೆ ಮದ್ದು ಬೇಕು. ಎಲ್ಲರಿಗೂ ಒಂದೇ ಭಾಷಣ ಕೊಟ್ಟರೆ ಯಾರಿಗೂ ನಾಟುವುದಿಲ್ಲ. ಪಟ್ಟಿಯಲ್ಲಿರುವ ಎಲ್ಲವನ್ನೂ ನೀವೊಬ್ಬರೇ ಸರಿಪಡಿಸಲಾರಿರಿ ಎಂಬುದನ್ನೂ ಹೇಳಬೇಕು. ವಿಜ್ಞಾನ ವಿಭಾಗವೇ ಇಲ್ಲದ ಪಿಯು ಕಾಲೇಜು, ತುಂಬಿಹೋದ ಹಾಸ್ಟೆಲ್, ತಡವಾಗಿ ಬರುವ ಸ್ಕಾಲರ್‌ಶಿಪ್ ಸರ್ಕಾರದ ಹೊಣೆ. ಅವನ್ನು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮೂಲಕ ಬರಹದಲ್ಲಿ ಕೇಳಿ, ಎಷ್ಟು ಮಕ್ಕಳು ಅದರಿಂದ ಬಿಟ್ಟರು ಎಂಬ ಸಂಖ್ಯೆಯೊಂದಿಗೆ ಕೇಳಿ. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ನಿಮ್ಮ ನೆರೆಯ ಕಲಬುರಗಿಯದು ಶೇ 42.43. ಈ ಅಂತರವನ್ನು ಮಕ್ಕಳ ಆಸೆಯ ಮೇಲೆ ಹೊರಿಸುವುದು ಅನ್ಯಾಯ.

ಕೊನೆಯದಾಗಿ, ಈಗಾಗಲೇ ಹೋಗಿಬಿಟ್ಟ ಮಕ್ಕಳು. ಪರೀಕ್ಷೆ-1ರಲ್ಲಿ ಫೇಲಾದವರಿಗೆ ವರ್ಷ ಹೋಗಿಲ್ಲ. ಅದೇ ವರ್ಷ ಪರೀಕ್ಷೆ-2 ಇದೆ, ಪಾಸಾದರೆ ಅದೇ ಸಾಲಿನಲ್ಲಿ ಕಾಲೇಜು ಸೇರಬಹುದು. ಫಲಿತಾಂಶ ಬಂದ ದಿನವೇ ಫೇಲಾದವರ ಮನೆಗೆ ಫೋನ್ ಹೋಗಬೇಕು. ಒಂದು ವಾರ ತಡವಾದರೆ ಹುಡುಗ ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ. ಹತ್ತಿದವನ ನಂಬರ್ ಇಟ್ಟುಕೊಳ್ಳಿ. ಹಬ್ಬಕ್ಕೆ, ಜಾತ್ರೆಗೆ ಅವನು ಊರಿಗೆ ಬಂದೇ ಬರುತ್ತಾನೆ. ಆಗ ಉಳಿದ ವಿಷಯಗಳ ಪರೀಕ್ಷೆಗೆ ಮತ್ತೆ ಕಟ್ಟಿಸಿ, ಅವನ ನೋಂದಣಿ ನಿಮ್ಮ ಶಾಲೆಯ ಮೂಲಕವೇ ಆಗಬೇಕು. ಪಾಸಾಗಿಯೂ ಟಿಸಿ ತೆಗೆದುಕೊಳ್ಳದೆ ಹೋದವರ ಟಿಸಿ ನಿಮ್ಮ ಕಚೇರಿಯ ಬೀರುವಿನಲ್ಲೇ ಇರುತ್ತದೆ. ಜೂನ್ ಮೊದಲ ವಾರ ಆ ಕಟ್ಟನ್ನು ಹೊರಗೆ ತೆಗೆದು, ಮೇಲಿನ ಹೆಸರಿನಿಂದ ಶುರು ಮಾಡಿ ಒಬ್ಬೊಬ್ಬರ ಮನೆಗೂ ಹೇಳಿ ಕಳಿಸಿ.